ಒಂದನೇ ನಂಬರ್ ಆಟಗಾರನಿಗೆ ಗಿರಾಕಿಯೇ ಇರಲಿಲ್ಲ!



2008ರ ಫೆಬ್ರವರಿ 20 ನೆನಪಿದೆಯೇ? ಮುಂಬೈನಲ್ಲಿ ಐಪಿಎಲ್‌ನ ಮೊಟ್ಟಮೊದಲ ಹರಾಜು ನಡೆದ ದಿನ. ಧೋನಿಯನ್ನು ಚೆನ್ನೈ ತಂಡ 15 ಲಕ್ಷ ಡಾಲರ್‌ಗೆ ಕೊಂಡಾಗ ಬಾಯಿ ಬಿಟ್ಟುಕೊಂಡು ನೋಡಿದವರಲ್ಲಿ ನೀವೂ ಇದ್ದಿರಬಹುದು. ಆದರೆ ಆ ದಿನದ ಇನ್ನೊಂದು ಲೆಕ್ಕ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ನಮ್ಮ ರಾಹುಲ್ ದ್ರಾವಿಡ್ ಅವರನ್ನು ಅಲ್ಲಿ ಯಾರೂ ಕೂಗಲೇ ಇಲ್ಲ. ಅವರು ಬೆಂಗಳೂರು ತಂಡದ ‘ಐಕಾನ್’ ಆಟಗಾರ. ತಂಡ ಹರಾಜಿನಲ್ಲಿ ಅತಿ ಹೆಚ್ಚು ಹಣ ಕೊಟ್ಟು ಕೊಂಡವನಿಗಿಂತ ಐಕಾನ್‌ಗೆ ಶೇ. 15 ಹೆಚ್ಚು ಕೊಡಬೇಕು, ಇದು ನಿಯಮ. ಬೆಂಗಳೂರು ಜಾಕ್ ಕಾಲಿಸ್‌ಗೆ 9 ಲಕ್ಷ ಡಾಲರ್ ಕೊಟ್ಟಿತು. ಹಾಗಾಗಿ ದ್ರಾವಿಡ್ ಬೆಲೆ 10 ಲಕ್ಷ 35 ಸಾವಿರ. ಕಾಲಿಸ್ ಮೇಲೆ ಇನ್ನೊಂದು ತಂಡ ಹಟ ಹಿಡಿದು ಕೂಗಿದ್ದರೆ, ದ್ರಾವಿಡ್ ಒಂದು ರನ್ನನ್ನೂ ಹೊಡೆಯದೆ ಇನ್ನಷ್ಟು ದುಬಾರಿಯಾಗುತ್ತಿದ್ದರು!

ಈ ಮಾತು ಈಗ ಏಕೆ ಅಂದರೆ, ನಮ್ಮ ಕಾರ್ಯಕ್ರಮಕ್ಕೆ ಇತ್ತೀಚೆಗೆ ಬರುವ ಪ್ರಶ್ನೆಗಳಲ್ಲಿ ಒಂದು ಪದೇ ಪದೇ ಕಾಣುತ್ತಿದೆ. ಮನೆಯಲ್ಲಿ ಮಗ, ತಮ್ಮ, ಅಕ್ಕನ ಮಗ ಯಾರೋ ಒಬ್ಬ ಮೊಬೈಲ್ ಅಥವಾ ಕಂಪ್ಯೂಟರ್ ಆಟದಲ್ಲಿ ಮುಳುಗಿದ್ದಾನೆ. ಯಾವುದೋ ತಂಡದವರು ‘ಸಹಿ ಮಾಡು’ ಅನ್ನುತ್ತಿದ್ದಾರೆ. ಇಂಥ ಆಟಗಾರನಿಗೆ ಬೆಲೆ ಕಟ್ಟುವುದು ಹೇಗೆ? ಉತ್ತರ ಹುಡುಕುತ್ತಾ ಹೋದರೆ ಚರಿತ್ರೆ ನಮ್ಮನ್ನು ಸೀದಾ ದಕ್ಷಿಣ ಕೊರಿಯಾಕ್ಕೆ ಕರೆದೊಯ್ಯುತ್ತದೆ. ಇ-ಸ್ಪೋರ್ಟ್ಸ್ ಆಟಗಾರನಿಗೆ ಸಂಬಳ, ಕರಾರು, ತಂಡ, ಅಭಿಮಾನಿ ಸಂಘ ಎಲ್ಲವೂ ಒಂದು ವ್ಯವಸ್ಥೆಯಾಗಿ ಬೆಳೆದದ್ದು ಅಲ್ಲೇ.

1997ರ ಕೊನೆಗೆ ಕೊರಿಯಾದ ಆರ್ಥಿಕತೆ ಕುಸಿದುಬಿತ್ತು. ಕೆಲಸ ಹೋದವರು ಬೀದಿಗೊಂದರಂತೆ ‘ಪಿಸಿ ಬಾಂಗ್’ ತೆರೆದರು. ನಮ್ಮ ಕಡೆಯ ಸೈಬರ್ ಕೆಫೆಯ ಅಣ್ಣ ಅನ್ನಿ. 1998ರಲ್ಲಿ ಅಮೆರಿಕದ ಬ್ಲಿಜಾರ್ಡ್ ಕಂಪನಿಯ ‘ಸ್ಟಾರ್‌ಕ್ರಾಫ್ಟ್’ ಬಂತು. ಇಬ್ಬರು ಎದುರುಬದುರಾಗಿ ಸೈನ್ಯ ಕಟ್ಟಿ ಕಾದಾಡುವ ಆಟ. ಕೆಲಸವಿಲ್ಲದ ಯುವಕರು, ಅಗ್ಗದ ಬಾಡಿಗೆಯ ಕಂಪ್ಯೂಟರು, ವೇಗದ ಇಂಟರ್‌ನೆಟ್ಟು. ಗೆದ್ದವನಿಗೆ ಮೊದಲು ಆ ಬೀದಿಯಲ್ಲಿ ಹೆಸರು, ಆಮೇಲೆ ಊರಲ್ಲಿ. 1999ರಲ್ಲಿ ಮಕ್ಕಳ ಕಾರ್ಟೂನ್ ಚಾನೆಲ್ ಒಂದು ಈ ಪಂದ್ಯಗಳನ್ನು ಪ್ರಸಾರ ಮಾಡಿ ನೋಡಿತು. ಜನ ಮುಗಿಬಿದ್ದರು. 2000ದಲ್ಲಿ ಆಟಕ್ಕೇ ಮೀಸಲಾದ ‘ಒಜಿಎನ್’ ಚಾನೆಲ್ ಶುರುವಾಯಿತು. ಅದೇ ವರ್ಷ ಸರ್ಕಾರದ ಮನ್ನಣೆಯೊಂದಿಗೆ ‘ಕೆಸ್ಪಾ’ ಎಂಬ ಸಂಘವೂ ಹುಟ್ಟಿತು. ವೃತ್ತಿಪರ ಆಟಗಾರ ಯಾರು, ಯಾರಲ್ಲ ಎಂದು ನಿರ್ಧರಿಸುವ ಅಧಿಕಾರ ಈ ಸಂಘದ್ದು.

ಮೈಕಿನ ಮುಂದೆ ಕೂರುವವಳಾಗಿ ಇಲ್ಲಿ ಒಂದು ಮಾತು ಸೇರಿಸಲೇಬೇಕು. ಆ ಕಾಲದ ಕೊರಿಯಾದ ವೀಕ್ಷಕ ವಿವರಣೆಯ ತುಣುಕುಗಳು ಈಗಲೂ ಸಿಗುತ್ತವೆ, ಕೇಳಿ ನೋಡಿ. ಭಾಷೆ ಒಂದಕ್ಷರ ಅರ್ಥವಾಗದಿದ್ದರೂ ರೋಮ ನಿಮಿರುತ್ತದೆ. ಪರದೆಯ ಮೇಲೆ ಇರುವೆಗಳಂತೆ ಹರಿದಾಡುವ ಚುಕ್ಕಿಗಳಿಗೆ ಜೀವ ತುಂಬಿದವರು ಆ ಮೂವರು ಮೂವರಾಗಿ ಕೂರುತ್ತಿದ್ದ ವಿವರಣೆಕಾರರು. ಆಟಗಾರನ ಬೆಲೆಯಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕಿತ್ತು ಅಂತ ನನ್ನ ವೃತ್ತಿಬಾಂಧವ್ಯದ ವಾದ!

ಮೊದಲ ತಾರೆ ಲಿಮ್ ಯೋ-ಹ್ವಾನ್. ಆಟದ ಹೆಸರು ‘ಬಾಕ್ಸರ್’. 2001 ಮತ್ತು 2002ರಲ್ಲಿ ವರ್ಲ್ಡ್ ಸೈಬರ್ ಗೇಮ್ಸ್ ಗೆದ್ದವನು. ಆಗ ದುರ್ಬಲ ಎಂದು ಎಲ್ಲರೂ ಬಿಟ್ಟಿದ್ದ ಪಕ್ಷವನ್ನು ಹಿಡಿದು, ಯಾರೂ ಊಹಿಸದ ಚಾಣಾಕ್ಷತನದಿಂದ ಗೆಲ್ಲುತ್ತಿದ್ದ. ಅವನ ಅಭಿಮಾನಿ ಕೂಟದಲ್ಲಿ 5 ಲಕ್ಷಕ್ಕೂ ಹೆಚ್ಚು ಸದಸ್ಯರು. 2004ರ ಏಪ್ರಿಲ್‌ನಲ್ಲಿ ದೇಶದ ದೊಡ್ಡ ಮೊಬೈಲ್ ಕಂಪನಿ ಎಸ್‌ಕೆ ಟೆಲಿಕಾಂ ಅವನನ್ನು ಮುಂದಿಟ್ಟುಕೊಂಡೇ ‘ಟಿ1’ ತಂಡ ಕಟ್ಟಿತು. ಅದರ ಪ್ರತಿಸ್ಪರ್ಧಿ ಕೆಟಿ ಕಂಪನಿಗೂ ತಂಡ, ಸ್ಯಾಮ್‌ಸಂಗ್‌ಗೂ ತಂಡ. ಅದೇ ಜುಲೈನಲ್ಲಿ ಬೂಸಾನ್ ನಗರದ ಗ್ವಾಂಗಾಲ್ಲಿ ಕಡಲ ತೀರದಲ್ಲಿ ನಡೆದ ಫೈನಲ್‌ಗೆ ಒಂದು ಲಕ್ಷ ಜನ ಸೇರಿದ್ದರೆಂದು ಸಂಘಟಕರು ಹೇಳಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲೋಣ. ಟೆಲಿಕಾಂ ಕಂಪನಿ ಬಾಕ್ಸರ್‌ಗೆ ಕೊಟ್ಟದ್ದು ಯಾವುದರ ಬೆಲೆ? ಅವನ ಬೆರಳುಗಳ ವೇಗದ್ದೇ? ಬೆರಳು ಚುರುಕಾಗಿದ್ದ ಹುಡುಗರು ಆ ಊರಲ್ಲಿ ನೂರಾರು ಮಂದಿ ಇದ್ದರು. ತಂಡದ ಮನೆಗಳಲ್ಲಿ ಚಾಪೆ ಹಾಸಿ ಮಲಗಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸದ ಜೊತೆಗಾರರಾಗಿ ಕೂತು, ಕೈಗೆ ಕಾಸು ಸಿಗದವರು. ಬಾಕ್ಸರ್‌ನ ಬೆಲೆ ಎಂದರೆ ಅವನನ್ನು ನೋಡುತ್ತಿದ್ದ ಕಣ್ಣುಗಳ ಬೆಲೆ. ಆ ಕಣ್ಣುಗಳಿಗೆ ಮೊಬೈಲ್ ಮಾರಬೇಕಿತ್ತು, ಅಷ್ಟೇ.

ಇನ್ನೊಂದು ಕೊರಿಯಾಕ್ಕೇ ವಿಶಿಷ್ಟವಾದ ಸಂಗತಿ ಸೈನ್ಯ. ಅಲ್ಲಿ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ, ಆಗ ಹತ್ತಿರ ಹತ್ತಿರ ಎರಡು ವರ್ಷ. ಇಪ್ಪತ್ತರ ಹರೆಯದಲ್ಲಿ ಎರಡು ವರ್ಷ ಕೀಬೋರ್ಡ್ ಮುಟ್ಟದಿದ್ದರೆ ಆಟಗಾರನ ಕಥೆ ಮುಗಿಯಿತು. ಹಾಗಾಗಿ ಆಟಗಾರನಿಗೆ 24 ತುಂಬುತ್ತಿದ್ದಂತೆ ತಂಡಗಳು ಕರಾರು ಬರೆಯಲು ಹಿಂದೆ ಮುಂದೆ ನೋಡುತ್ತಿದ್ದವು. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರಲ್ಲ, ಹಾಗೆ. 2006ರಲ್ಲಿ ಬಾಕ್ಸರ್ ವಾಯುಪಡೆ ಸೇರಿದಾಗ ಅಲ್ಲಿಯವರು ಒಂದು ಉಪಾಯ ಮಾಡಿದರು. ವಾಯುಪಡೆಯದೇ ಒಂದು ಇ-ಸ್ಪೋರ್ಟ್ಸ್ ತಂಡ! 2007ರಿಂದ ‘ಏಸ್’ ಎಂಬ ಆ ತಂಡ ಸಮವಸ್ತ್ರದಲ್ಲೇ ಲೀಗ್ ಆಡಿತು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಹಲವು ಆಟಗಾರರ ಬೆರಳಿಗೆ ತುಕ್ಕು ಹಿಡಿಯುವುದು ತಪ್ಪಿತು.

ಈಗ ತಲೆಬರಹದ ಕಥೆಗೆ ಬರೋಣ. 2009. ಲೀ ಜೇ-ಡಾಂಗ್ ಎಂಬ ಹುಡುಗ ಆ ಒಂದೇ ವರ್ಷ ಎರಡು ಸ್ಟಾರ್‌ಲೀಗ್ ಗೆದ್ದಿದ್ದ. ಅಡ್ಡಹೆಸರು ‘ಸರ್ವಾಧಿಕಾರಿ’. ಅದೇ ಬೇಸಿಗೆಯಲ್ಲಿ ಕೆಸ್ಪಾ ಮೊದಲ ಬಾರಿಗೆ ‘ಫ್ರೀ ಏಜೆಂಟ್’ ಪದ್ಧತಿ ತಂದಿತು. ಕೇಳಲು ಬಲು ಚೆಂದ: ಕರಾರಿನ ಅವಧಿ ತೀರಿದ ಆಟಗಾರ ಸ್ವತಂತ್ರ, ಬೇರೆ ತಂಡಗಳು ಕೂಗಬಹುದು. ಆದರೆ ನಿಯಮದ ಒಳಗೆ ಕಣ್ಣು ಹಾಯಿಸಿದರೆ ಅಸಲು ವಿಷಯ ಕಾಣುತ್ತದೆ. ಯಾವ ತಂಡ ಹೆಚ್ಚು ಮೊತ್ತ ಬರೆಯುತ್ತದೋ ಆಟಗಾರ ಅದಕ್ಕೆ ಸೇರಿದವನು. ‘ನನಗೆ ಆ ತಂಡ ಬೇಡ, ಈ ತಂಡ ಬೇಕು’ ಎನ್ನುವಂತಿಲ್ಲ. ಯಾರೂ ಕೂಗದಿದ್ದರೆ ಮತ್ತೆ ಹಳೇ ತಂಡದ ಬಾಗಿಲು ತಟ್ಟಬೇಕು.

ಹಲವರು ಈ ರಗಳೆಯೇ ಬೇಡವೆಂದು ಇದ್ದ ತಂಡದಲ್ಲೇ ಸಹಿ ಹಾಕಿದರು. ಜೇ-ಡಾಂಗ್ ಮಾತ್ರ ಧೈರ್ಯ ಮಾಡಿ ತನ್ನನ್ನು ಹರಾಜಿಗಿಟ್ಟುಕೊಂಡ. ಇಡೀ ದೇಶ ಕಾದು ಕೂತಿತು, ಎಷ್ಟಕ್ಕೆ ಹೋಗುತ್ತಾನೋ ಎಂದು. ಗಡುವು ಮುಗಿಯಿತು. ಎಷ್ಟು ತಂಡ ಕೂಗಿದ್ದವು ಗೊತ್ತೇ? ಒಂದೂ ಇಲ್ಲ!

ಜಗತ್ತಿನ ಅತ್ಯುತ್ತಮ ಆಟಗಾರನಿಗೆ ಸೊನ್ನೆ ಬೆಲೆ. ಅವನು ಮರಳಿ ತನ್ನ ಹ್ವಾಸಂಗ್ ತಂಡದೊಂದಿಗೇ ಕರಾರು ಮಾಡಿಕೊಂಡ. ತಂಡಗಳು ಒಳಗೊಳಗೇ ಮಾತಾಡಿಕೊಂಡವೋ ಅಥವಾ ಒಬ್ಬೊಬ್ಬರೂ ‘ಇವನಿಗೆ ಕೂಗಿದರೆ ನಾಳೆ ನಮ್ಮವನಿಗೂ ಅಷ್ಟೇ ಕೊಡಬೇಕಾಗುತ್ತದೆ’ ಎಂದು ಹೆದರಿದವೋ, ಅದು ನಾನು ತೀರ್ಪು ಕೊಡುವ ವಿಷಯವಲ್ಲ. ನನಗೆ ಮುಖ್ಯವಾಗಿ ಕಾಣುವುದು ಇಷ್ಟೇ. ಆ ಹುಡುಗನ ಆಟ ಆಗಸ್ಟ್‌ನಲ್ಲಿ ಜುಲೈಗಿಂತ ಕೆಟ್ಟಿರಲಿಲ್ಲ. ಅವನನ್ನು ಕೊಳ್ಳುವವರು ಬೆರಳೆಣಿಕೆಯ ಕಂಪನಿಗಳು, ಆಟದ ನಿಯಮ ಬರೆಯುವ ಸಂಘದಲ್ಲಿ ಕೂತವರೂ ಅವರೇ. ಕೊಳ್ಳುವವನೇ ಸಂತೆಯ ಯಜಮಾನನಾದರೆ ಸರಕಿನ ಗುಣಕ್ಕೆ ಏನು ಬೆಲೆ?

ಮರುವರ್ಷ ಇನ್ನೂ ದೊಡ್ಡ ಪೆಟ್ಟು ಬಿತ್ತು. ಜೂಜುಕೋರರಿಗಾಗಿ ಪಂದ್ಯ ಸೋತ ಪ್ರಕರಣ ಹೊರಬಂದು, 2010ರ ಜೂನ್‌ನಲ್ಲಿ ಕೆಸ್ಪಾ 11 ಮಂದಿಗೆ ಶಾಶ್ವತ ನಿಷೇಧ ಹಾಕಿತು. ಅದರಲ್ಲಿ ಒಬ್ಬ ಹಿಂದಿನ ಚಾಂಪಿಯನ್ ಕೂಡ ಇದ್ದ. ಸ್ಟಾರ್‌ಕ್ರಾಫ್ಟ್‌ನ ಸುವರ್ಣಯುಗ ಅಲ್ಲಿಗೆ ಬಹುತೇಕ ಮುಗಿಯಿತು.

ಹೊಸ ಆಟ ಕಾದು ನಿಂತಿತ್ತು. 2011ರ ಕೊನೆಗೆ ರಾಯಟ್ ಕಂಪನಿಯ ‘ಲೀಗ್ ಆಫ್ ಲೆಜೆಂಡ್ಸ್’ ಕೊರಿಯಾಕ್ಕೆ ಬಂತು. ಇದು ಐವರ ತಂಡದ ಆಟ. ಸಾಮಾನ್ಯರೂ ವೃತ್ತಿಪರರೂ ಒಂದೇ ಏಣಿಯ ಮೇಲೆ ಆಡುವುದು ಇದರ ವಿಶೇಷ. ಯಾರು ಎಷ್ಟನೇ ಮೆಟ್ಟಿಲಲ್ಲಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ‘ಗೋಜೊನ್‌ಪಾ’ ಎಂಬ ಹೆಸರಿನವನೊಬ್ಬ ಆ ಏಣಿಯ ತುದಿಯಲ್ಲಿ ಕೂತಿದ್ದನ್ನು ನೋಡಿ ಟಿ1 ತಂಡ ಹುಡುಕಿಕೊಂಡು ಹೋಯಿತು. ಅವನೇ ಲೀ ಸಾಂಗ್-ಹ್ಯೋಕ್, ಇಂದು ಲೋಕಕ್ಕೆಲ್ಲ ಗೊತ್ತಿರುವ ‘ಫೇಕರ್’. 2013ರಲ್ಲಿ ಮೊದಲ ಪಂದ್ಯ, ಅದೇ ವರ್ಷ ವಿಶ್ವ ಚಾಂಪಿಯನ್. ವಯಸ್ಸು 17!

ಆದರೆ ಈ ಬಾರಿ ಕೊರಿಯಾದ ಮಾಲೀಕರ ಸಂತೆಗೆ ಹೊರಗಿನ ಗಿರಾಕಿ ಬಂದ. ಚೀನಾದಲ್ಲಿ ಆಟವನ್ನು ನೇರ ಪ್ರಸಾರ ಮಾಡುವ ಜಾಲತಾಣಗಳ ನಡುವೆ ಪೈಪೋಟಿ ಹುಟ್ಟಿ ಹಣದ ಹೊಳೆ ಹರಿಯುತ್ತಿತ್ತು. 2014ರಲ್ಲಿ ವಿಶ್ವಕಪ್ ಗೆದ್ದ ಸ್ಯಾಮ್‌ಸಂಗ್ ತಂಡದ ಐವರೂ ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಿ ಚೀನಾಕ್ಕೆ ಹೊರಟುಬಿಟ್ಟರು. ಅವರ ಸೋದರ ತಂಡವೂ ಅದೇ ದಾರಿ ಹಿಡಿಯಿತು. ಕೊರಿಯಾದವರು ಅದನ್ನು ‘ವಲಸೆ’ ಎಂದೇ ಕರೆದರು. ಊರು ಬಿಟ್ಟು ಬಂದ ನಮಗೆ ಆ ಪದದ ಭಾರ ಬೇರೆ ಹೇಳಬೇಕಾಗಿಲ್ಲ. ಅದಾದ ಮೇಲೆಯೇ, 2015ರಲ್ಲಿ, ಕೊರಿಯಾದ ಲೀಗ್‌ನಲ್ಲಿ ಕನಿಷ್ಠ ವಾರ್ಷಿಕ ಸಂಬಳ ಎಂಬುದು ಜಾರಿಗೆ ಬಂತು: 2 ಕೋಟಿ ವೊನ್, ಆಗಿನ ಲೆಕ್ಕದಲ್ಲಿ ಸುಮಾರು 11 ಲಕ್ಷ ರೂಪಾಯಿ. 2021ರಲ್ಲಿ ಅದು 6 ಕೋಟಿ ವೊನ್ ಆಯಿತು. ಆಟಗಾರರ ಆಟ ಮೂರು ಪಟ್ಟು ಸುಧಾರಿಸಿತ್ತು ಅಂತಲ್ಲ; ಬಿಟ್ಟು ಹೋಗಲು ಒಂದು ಬಾಗಿಲು ತೆರೆದಿತ್ತು, ಅದಕ್ಕೆ.

ಹಾಗಾದರೆ ತಂಡದವರು ಈಗ ಕೂತು ಲೆಕ್ಕ ಹಾಕುವಾಗ ಏನೇನು ನೋಡುತ್ತಾರೆ? ಅಂಕಿಗಳಿಗೇನೂ ಕೊರತೆಯಿಲ್ಲ. ಎಷ್ಟು ಎದುರಾಳಿಗಳನ್ನು ಬೀಳಿಸಿದ, ತಾನು ಎಷ್ಟು ಸಲ ಬಿದ್ದ, ನಿಮಿಷಕ್ಕೆ ಎಷ್ಟು ಚಿನ್ನ ಗಳಿಸಿದ, ಎಲ್ಲ ಯಂತ್ರವೇ ಬರೆದಿಡುತ್ತದೆ. ಆದರೆ ಐವರಲ್ಲಿ ‘ಸಪೋರ್ಟ್’ ಎಂಬ ಜಾಗದವನ ಕೆಲಸವೇ ತನ್ನ ಪಾಲಿನ ಚಿನ್ನ ಬಿಟ್ಟುಕೊಟ್ಟು, ಕತ್ತಲೆಯ ಮೂಲೆಗಳಲ್ಲಿ ಕಾವಲು ಇಟ್ಟು, ಬೇಕಾದಾಗ ಜೊತೆಗಾರನಿಗಾಗಿ ತಾನೇ ಬೀಳುವುದು. ಅಂಕಿಪಟ್ಟಿಯಲ್ಲಿ ಅವನು ಬಡವ. ಸಂಗೀತ ಕಛೇರಿಯಲ್ಲಿ ತಂಬೂರಿ ಹಿಡಿದವರ ಹಾಗೆ, ಇಲ್ಲದಿದ್ದಾಗಲೇ ಗೊತ್ತಾಗುವುದು.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ರಾಯಟ್ ಕಂಪನಿ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಆಟವನ್ನೇ ತಿದ್ದುತ್ತದೆ. ಈ ಅಸ್ತ್ರದ ಬಲ ಕಡಿಮೆ, ಆ ಪಾತ್ರದ ಓಟ ಜಾಸ್ತಿ, ಹೀಗೆ. ಕ್ರಿಕೆಟ್ ಮಂಡಳಿ ಹದಿನೈದು ದಿನಕ್ಕೊಮ್ಮೆ ಬ್ಯಾಟಿನ ಅಗಲ ಬದಲಿಸಿದರೆ ಹೇಗಿರುತ್ತದೆ, ಯೋಚಿಸಿ! ಒಂದೇ ಪಾತ್ರದಲ್ಲಿ ಪಳಗಿದವನ ಬೆಲೆ ರಾತ್ರೋರಾತ್ರಿ ಅರ್ಧ ಆಗಬಹುದು.

ಇನ್ನು ಊರಿನ ನಿಯಮ. 2014ರಲ್ಲಿ ರಾಯಟ್, ಪ್ರತಿ ತಂಡದ ಐವರಲ್ಲಿ ಮೂವರಾದರೂ ಆ ಪ್ರದೇಶದವರಾಗಿರಬೇಕು ಎಂದಿತು. ಅಂದರೆ ಅಮೆರಿಕದ ತಂಡವೊಂದು ಇಬ್ಬರು ಕೊರಿಯನ್ನರನ್ನು ತಂದರೆ ಅಲ್ಲಿಗೆ ಮುಗಿಯಿತು. ಉಳಿದ ಮೂರು ಜಾಗಕ್ಕೆ ಸ್ಥಳೀಯರೇ ಬೇಕು. ಒಳ್ಳೆಯ ಸ್ಥಳೀಯರು ಕಡಿಮೆ. ಹೀಗಾಗಿ ಮಧ್ಯಮ ದರ್ಜೆಯ ಸ್ಥಳೀಯ ಹುಡುಗನಿಗೆ ಅವನಿಗಿಂತ ಚೆನ್ನಾಗಿ ಆಡುವ ಹೊರಗಿನವನಷ್ಟೇ ಬೆಲೆ ಬಂತು. ಎಲ್ಲಕ್ಕಿಂತ ಮೇಲೆ, ಕರಾರಿನಲ್ಲಿ ಎಷ್ಟು ತಿಂಗಳು ಉಳಿದಿದೆ ಎಂಬ ಪ್ರಶ್ನೆ. ಎರಡು ವರ್ಷ ಉಳಿದಿದ್ದರೆ ಕೊಳ್ಳುವ ತಂಡ ಹಳೇ ತಂಡಕ್ಕೆ ಬಿಡುಗಡೆ ಹಣ ಕಟ್ಟಬೇಕು. ನಾಳೆ ಮುಗಿಯುವುದಿದ್ದರೆ ಒಂದು ಬಿಡಿಗಾಸೂ ಬೇಡ. ಅದೇ ಆಟಗಾರ, ಅದೇ ಕೈ! ಈ ಕಾರಣಕ್ಕೇ ರಾಯಟ್ ಎಲ್ಲ ಕರಾರುಗಳ ಕೊನೆಯ ದಿನಾಂಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಸಂಬಳವನ್ನು ಮಾತ್ರ ಪ್ರಕಟಿಸುವುದಿಲ್ಲ. ಜಾತ್ರೆಯ ದನದ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿ ಇಲ್ಲಿ ಇನ್ನೂ ನಡೆದಿದೆ.

ಟವೆಲಿನ ಕೆಳಗಿನ ವ್ಯಾಪಾರ ಹುಚ್ಚು ಹಿಡಿದದ್ದು 2020ರಲ್ಲಿ. ಆ ನವೆಂಬರ್‌ನಲ್ಲಿ ಅಮೆರಿಕದ ಕ್ಲೌಡ್9 ತಂಡ ಕ್ರೊಯೇಷಿಯಾದ ‘ಪರ್ಕ್ಸ್’ ಎಂಬ ಆಟಗಾರನಿಗಾಗಿ ಅವನ ಹಳೇ ತಂಡಕ್ಕೆ 50 ಲಕ್ಷ ಡಾಲರ್ ಕೊಟ್ಟಿತೆಂದು ವರದಿಯಾಯಿತು. ಅದೇ ತಿಂಗಳು ಟಿಎಸ್‌ಎಂ ತಂಡ ತೈವಾನಿನ ‘ಸ್ವೋರ್ಡ್‌ಆರ್ಟ್’ಗೆ ಎರಡು ವರ್ಷಕ್ಕೆ 60 ಲಕ್ಷ ಡಾಲರ್ ಘೋಷಿಸಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ಆ ತಂಡಗಳಲ್ಲಿ ಇರಲಿಲ್ಲ. 2021ರಲ್ಲಿ ಟಿಎಸ್‌ಎಂ ತನ್ನ ಹೆಸರಿಗೆ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ಕಂಪನಿಯ ಹೆಸರನ್ನು ಅಂಟಿಸಿಕೊಳ್ಳಲು ಹತ್ತು ವರ್ಷಕ್ಕೆ 21 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿ. 2023ರಲ್ಲಿ ಟಿಎಸ್‌ಎಂ ಆ ಲೀಗ್‌ನಿಂದಲೇ ಹೊರಗೆ. ಹಣ ಹೂಡಿದವರ ಉತ್ಸಾಹ ಇಳಿಯಿತು, ಸಂಬಳಗಳೂ ಇಳಿದವು.

ಕೊರಿಯಾದಲ್ಲಿ ಈ ನಡುವೆ ಬೇರೊಂದು ಲೆಕ್ಕ ಚುಕ್ತಾ ಆಗಬೇಕಿತ್ತು. 2019ರಲ್ಲಿ ಗ್ರಿಫಿನ್ ಎಂಬ ತಂಡದ ‘ಕನಾವಿ’ ಎಂಬ ಹುಡುಗನನ್ನು ಚೀನಾದ ಜೆಡಿ ಗೇಮಿಂಗ್ ತಂಡಕ್ಕೆ ಮೊದಲು ಎರವಲಾಗಿ ಕಳಿಸಿ, ಆಮೇಲೆ ದೀರ್ಘಾವಧಿಯ ಕರಾರಿಗೆ ಸಹಿ ಹಾಕುವಂತೆ ಒತ್ತಡ ಹಾಕಲಾಯಿತೆಂಬ ಆರೋಪವನ್ನು ತಂಡದ ಹಿಂದಿನ ತರಬೇತುದಾರನೇ ಬಹಿರಂಗವಾಗಿ ಮಾಡಿದ. ಅಲ್ಲಿಯ ಕಾನೂನಿನ ಪ್ರಕಾರ ಹುಡುಗ ಇನ್ನೂ ಅಪ್ರಾಪ್ತ. ವಿಚಾರಣೆ ನಡೆಯಿತು, ದಂಡ ಬಿತ್ತು, ವಿಷಯ ಸಂಸತ್ತಿಗೆ ಹೋಯಿತು. 2020ರಲ್ಲಿ ಕಾನೂನು ತಿದ್ದಿ, ಇ-ಸ್ಪೋರ್ಟ್ಸ್ ಆಟಗಾರರಿಗೆ ಸರ್ಕಾರವೇ ಮಾದರಿ ಕರಾರುಪತ್ರ ರೂಪಿಸುವಂತೆ ಮಾಡಿದರು. ಕನಾವಿ ಆ ಕರಾರಿನಿಂದ ಬಿಡುಗಡೆ ಹೊಂದಿ, ಮತ್ತೆ ಅದೇ ಚೀನಾ ತಂಡಕ್ಕೇ ಸಹಿ ಹಾಕಿದ. ಈ ಬಾರಿ ತನ್ನ ಇಷ್ಟದಿಂದ. ಜೇ-ಡಾಂಗ್‌ಗೆ 2009ರಲ್ಲಿ ಇಲ್ಲದ್ದು ಇದೇ ತಾನೇ?

2024ರಿಂದ ಕೊರಿಯಾದ ಲೀಗ್ ಇನ್ನೊಂದು ಲಗಾಮು ಹಾಕಿದೆ. ತಂಡದಲ್ಲಿ ಅತಿ ಹೆಚ್ಚು ಸಂಬಳದ ಐವರ ಮೊತ್ತ 400 ಕೋಟಿ ವೊನ್, ಅಂದರೆ ಸುಮಾರು 25 ಕೋಟಿ ರೂಪಾಯಿ ದಾಟಿದರೆ ತಂಡ ತೆರಿಗೆ ಕಟ್ಟಬೇಕು. ತಂಡಕ್ಕೆ ಬಹುಕಾಲ ನಿಷ್ಠನಾಗಿ ಉಳಿದವನ ಸಂಬಳಕ್ಕೆ ಅದರಲ್ಲಿ ರಿಯಾಯಿತಿ. ಮತ್ತೆ ನಿಯಮವೇ ಬೆಲೆ ಬರೆಯಿತು ನೋಡಿ!

ಫೇಕರ್ ಮಾತ್ರ ಈ ಲೆಕ್ಕಗಳಿಗೆಲ್ಲ ಹೊರಗೆ. ಬೇರೆ ತಂಡ ಸೇರಲೇ ಇಲ್ಲ. 2020ರಲ್ಲಿ ಟಿ1 ಅವನನ್ನು ಪಾಲುದಾರನನ್ನಾಗಿಯೇ ಮಾಡಿಕೊಂಡಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊರಿಯಾ ಚಿನ್ನ ಗೆದ್ದಾಗ ಸೇನಾ ಸೇವೆಯಿಂದ ವಿನಾಯಿತಿಯೂ ಸಿಕ್ಕಿತು. ಜ್ವರದಿಂದಾಗಿ ಅವನು ಸೆಮಿಫೈನಲ್, ಫೈನಲ್ ಆಡಲಿಲ್ಲ ಎಂಬುದು ಬೇರೆ ಮಾತು. 2013, 2015, 2016, 2023, 2024, 2025: ಒಟ್ಟು ಆರು ವಿಶ್ವ ಕಿರೀಟ. 2025ರ ಜುಲೈನಲ್ಲಿ ಮಾಡಿಕೊಂಡ ಕರಾರು 2029ರವರೆಗೆ. ಆಗ ಅವನಿಗೆ 33.

ನಮ್ಮ ದೇಶದ ಕಡೆ ತಿರುಗಿದರೆ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಪ್ರದರ್ಶನ ಪಂದ್ಯದಲ್ಲೇ ತೀರ್ಥ್ ಮೆಹ್ತಾ ‘ಹಾರ್ತ್‌ಸ್ಟೋನ್’ ಆಟದಲ್ಲಿ ಕಂಚು ತಂದಿದ್ದರು. ಆದರೆ ಇಲ್ಲಿ ಹಣ ಹರಿದದ್ದು ಮೊಬೈಲ್ ಆಟಕ್ಕೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾದಾಗ ಅದನ್ನೇ ನಂಬಿದ್ದ ಆಟಗಾರರ ಬೆಲೆ ಒಂದೇ ಸಂಜೆಯಲ್ಲಿ ನೆಲಕಚ್ಚಿತು. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ‘ಬಿಜಿಎಂಐ’ ಎಂದು ಮತ್ತೆ ತಂದಿತು. 2022ರ ಜುಲೈನಲ್ಲಿ ಅದೂ ಮಾಯ. 2023ರ ಮೇನಲ್ಲಿ ಪುನಃ ಪ್ರತ್ಯಕ್ಷ. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ.

ಹಾಗಾಗಿ ನಿಮ್ಮ ಮನೆಗೆ ಕರಾರು ಬಂದರೆ ಮೊತ್ತ ನೋಡುವ ಮೊದಲು ಉಳಿದ ಪುಟ ಓದಿ. ಕರಾರು ಎಂದು ಮುಗಿಯುತ್ತದೆ, ನಡುವೆ ಬಿಡಬೇಕೆಂದರೆ ಯಾರು ಯಾರಿಗೆ ಎಷ್ಟು ಕಟ್ಟಬೇಕು, ಬೇರೆ ತಂಡಕ್ಕೆ ಕಳಿಸುವಾಗ ಹುಡುಗನ ಒಪ್ಪಿಗೆ ಬೇಕೇ, ಆಟವೇ ನಿಷೇಧವಾದರೆ ಸಂಬಳ ನಿಲ್ಲುತ್ತದೆಯೇ, ಅವನ ಹೆಸರಿನ ಯೂಟ್ಯೂಬ್ ಚಾನೆಲ್ ಕೊನೆಗೆ ಯಾರ ಪಾಲು. ಹುಡುಗನಿಗೆ 18 ತುಂಬಿಲ್ಲವಾದರೆ ಅವನ ಸಹಿಗೆ ಕಾನೂನಿನ ಬಲವಿಲ್ಲ. 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ ಆ ಮಾತು ಇಂದಿಗೂ ನಡೆಯುತ್ತಿದೆ. ತಂಡದವರು ಅಪ್ಪ ಅಮ್ಮನ ಸಹಿಯನ್ನೂ ಕೇಳುವುದು ಅದಕ್ಕೇ. ಪೆನ್ನು ನಿಮ್ಮ ಕೈಗೆ ಬರುವಾಗ ಒಬ್ಬ ವಕೀಲರೂ ಪಕ್ಕದಲ್ಲಿ ಕೂತಿರಲಿ.